ಬುಡು ಅಂದರೆ ಬಿಸಾಕು ಅಂತಲ್ಲ

ರುದ್ರಮಾವ,

ನೀನು ಹೋದಮೇಲೆ ನಿನಗೆ ಹೇಳಬೇಕಾದ್ದನ್ನೆಲ್ಲ ಸರ್ದಾರನ ಕಿವಿಯಲ್ಲಿ ಹೇಳುತ್ತಿದ್ದೆ. ಅವನಿಗೋ ಬೇಯಿಸಿದ ಹುರುಳಿ ಬಿಟ್ಟರೆ ಬೇರೆ ಯಾವುದರಲ್ಲೂ ಆಸಕ್ತಿಯಿಲ್ಲ. ಅದಕ್ಕೇ ಈ ಪತ್ರ.

ನೆನಪಿದೆಯಾ, ಕೊತ್ತಗೆರೆ ಹತ್ತಿರದ ನಿನ್ನ ಸವಾರಿ ಅಂಗಳದಲ್ಲಿ ಈ ಸರ್ದಾರ ಕುದುರೆ ಲಾರಿಯಿಂದ ಇಳಿದ ದಿನ? ಗುಬ್ಬಿಯ ಕೊಬ್ಬರಿ ವ್ಯಾಪಾರಿ ನಂಜುಂಡಪ್ಪನವರು ಮಗಳು ಕಾವ್ಯಳಿಗೆಂದು ಕೊಂಡು, ಪಳಗಿಸಲು ನಿನ್ನ ಹತ್ತಿರ ಕಳಿಸಿದ್ದರು. ಆನೆಬಲ. ಬಾಯಿಗೆ ಕಡಿವಾಣ ಬಿದ್ದದ್ದೇ ತಡ, ತಲೆಯ ಭಾರವನ್ನೆಲ್ಲ ಲಗಾಮಿನ ಮೇಲೆ ಹೇರಿ ಮುಂದಕ್ಕೆ ಎಳೆಯುತ್ತಿದ್ದ. ಒಂದು ಸುತ್ತು ಮುಗಿಯುವಷ್ಟರಲ್ಲಿ ನನ್ನ ತೋಳು ಸೋತುಹೋಗುತ್ತಿತ್ತು. ಇವನು ತಿದ್ದಿಕೊಳ್ಳದಿದ್ದರೆ ತುಮಕೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಳಿಸುವವನಿಗೆ ಮಾರಿಬಿಡುತ್ತೇನೆ ಎಂದು ಅವರು ಅಂದೇ ಹೇಳಿದರು. ಆ ವಾರವೇ ಕುದುರೆ ನೋಡಲು ಬಂದ ಮೆರವಣಿಗೆಯವನ ಕೈಯಲ್ಲಿದ್ದ ಮುಳ್ಳಿನ ಕಡಿವಾಣ ಕಂಡು ನೀನು ಮುಖ ತಿರುಗಿಸಿದೆ. ಅದೇನಾದರೂ ಈ ಬಾಯಿಗೆ ಬಿದ್ದರೆ ನಾಲಿಗೆ ಸೀಳಿಹೋಗುತ್ತೆ ಅಂದೆ.

ಮೊದಲ ಸವಾರಿಯ ನನ್ನ ಅವಾಂತರ ನೆನೆದರೆ ಈಗಲೂ ನಗು ಬರುತ್ತದೆ. ಸರ್ದಾರ ಎಳೆದ, ನಾನೂ ಎಳೆದೆ. ನೀನು ಬೇಲಿ ಪಕ್ಕದಿಂದ "ಬುಡು" ಅಂದೆ. ಗುಬ್ಬಿ ಪೇಟೆಯಲ್ಲಿ ಬೆಳೆದ ನಾನು ಆ ಮಾತು ಕೇಳಿದ್ದು ಅಮ್ಮ "ಹೋಗ್ಲಿ ಬುಡು" ಅನ್ನುವಾಗ ಮಾತ್ರ. ಇಡೀ ಲಗಾಮನ್ನೇ ಕೈಬಿಟ್ಟೆ. ಅವನು ತೆರೆದಿದ್ದ ಗೇಟಿನಿಂದ ಪಕ್ಕದ ರಾಗಿ ಹೊಲಕ್ಕೆ ನುಗ್ಗಿದ, ನಾನು ತೆನೆಗಳ ಮಧ್ಯೆ ಬಿದ್ದೆ. ನೀನು ಬಂದು ಮೊದಲು ಕುದುರೆಯ ಕಾಲು ಮುಟ್ಟಿ ನೋಡಿದೆ. ನನ್ನ ಸರದಿ ಆಮೇಲೆ.

"ಬುಡು ಅಂದ್ರೆ ಬಿಸಾಕು ಅಂತಲ್ಲ ಕಣವ್ವ. ನೀನು ಹಿಡ್ಕಂಡಿರೋಗಂಟ ಅವ್ನು ಒರಗ್ತಾನೆ. ಒರಗಾಕೆ ಗೋಡೆ ಕೊಡಬ್ಯಾಡ."

ತಿಂಗಳುಗಟ್ಟಲೆ ಅದೇ ಪಾಠ. ಅವನು ಭಾರ ಹಾಕಿದ ಕೂಡಲೇ ಬೆರಳು ಸಡಿಲಿಸಬೇಕು, ಕಾಲಿನಿಂದ ಹೊಟ್ಟೆ ಒತ್ತಿ ಹಿಂಗಾಲಿಗೆ ಕೆಲಸ ಕೊಡಬೇಕು, ಮತ್ತೆ ಮೆಲ್ಲಗೆ ಹಿಡಿಯಬೇಕು. ನಡಿ, ನಿಲ್ಲು, ಮತ್ತೆ ನಡಿ. ಇದು ಯಾವಾಗ ಮುಗಿಯುತ್ತೆ ಎಂದು ನಾನು ಕೇಳಿದಾಗಲೆಲ್ಲ ನೀನು ಜೇಬಿನಲ್ಲಿ ಬೀಡಿ ಹುಡುಕುತ್ತಿದ್ದೆ.

ನಿನ್ನ ಶಿವಗಣಾರಾಧನೆಯ ಮಾರನೇ ದಿನವೇ ನಂಜುಂಡಪ್ಪನವರ ಫೋನ್ ಬಂತು. "ಅವ್ರೇ ಇಲ್ಲ ಅಂದ್ಮೇಲೆ ಇನ್ಯಾರಮ್ಮ ತಿದ್ತಾರೆ?" ದೀಪಾವಳಿವರೆಗೆ ಸಮಯ ಕೊಡಿ ಅಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ಆ ದಿನಗಳಲ್ಲಿ ಸರ್ದಾರ ಒರಗಿದಾಗಲೆಲ್ಲ ನಾನು ಬೇಲಿಯ ಕಡೆ ನೋಡುತ್ತಿದ್ದೆ. ನಾನೂ ನಿನ್ನ ಮೇಲೆ ಭಾರ ಹಾಕಿಕೊಂಡೇ ಇದ್ದೆನಲ್ಲ? ನಿನ್ನ ಮೇಲೆ ಕೋಪವೂ ಬಂತು. ಕೆಲಸ ಬೇಕಾದಷ್ಟಿತ್ತು, ಕೋಪ ಹೆಚ್ಚು ದಿನ ಉಳಿಯಲಿಲ್ಲ.

ದೀಪಾವಳಿಯ ಗಡುವು ಮುಗಿಯಿತು, ಕಳೆದ ಭಾನುವಾರ ಅಪ್ಪ ಮಗಳು ಬಂದರು. ಹಿಂದೆಯೇ ಮೆರವಣಿಗೆಯವನೂ ಗಾಡಿ ತಂದು ನಿಲ್ಲಿಸಿದ. ಕಾವ್ಯ ಹತ್ತಿದಳು. ಮೂಲೆ ತಿರುಗುವಾಗ ಸರ್ದಾರ ಹಳೇ ಚಾಳಿಯಂತೆ ತಲೆ ಇಳಿಸಿದ. ಅವಳು ಹೆದರಿ ಎರಡೂ ಕೈಯಲ್ಲಿ ಎಳೆದಳು. ನನಗೇ ಗೊತ್ತಿಲ್ಲದೆ ಬಾಯಿಂದ ನಿನ್ನ ಮಾತು ಬಂತು.

"ಬುಡು."

ಅವಳೂ ಬಿಸಾಕಿಬಿಟ್ಟಳು, ಮಾವ. ಗೇಟು ತೆರೆದೇ ಇತ್ತು. ಆಚೆ ರಾಗಿ ತೆನೆ ತುಂಬಿ ನಿಂತಿತ್ತು. ಸರ್ದಾರ ಒಂದು ಕಿವಿ ಹಿಂದಕ್ಕೆ ತಿರುಗಿಸಿದ, ಆಮೇಲೆ ತಾನೇ ತಲೆ ಎತ್ತಿಕೊಂಡು ಅದೇ ಸುತ್ತಿನಲ್ಲಿ, ಅದೇ ನಡಿಗೆಯಲ್ಲಿ ಮುಂದುವರಿದ. ನಂಜುಂಡಪ್ಪನವರು ಮೆರವಣಿಗೆಯವನಿಗೆ, ಗಾಡಿ ತಿರುಗಿಸ್ಕೊಳಪ್ಪ, ಕುದುರೆ ಕೊಡಲ್ಲ ಅಂದರು.

ಲಗಾಮು ಅವನ ಕುತ್ತಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಯಾರೂ ಹಿಡಿದಿರಲಿಲ್ಲ.

ನಿನ್ನ ಅಕ್ಕನ ಮಗಳು,
ಗಿರಿಜಾ