ಮೂರು ಲಕ್ಷದ ನಾಮಿನಿ

ಸವಣೂರು
12-2-2025, ಬುಧವಾರ

ಪ್ರೀತಿಯ ಮುಬಶೀರಣ್ಣನಿಗೆ ತಂಗಿ ಗುಲ್ನಾಜಳ ಸಲಾಂ.

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡ. ಐದನೇ ಇಯತ್ತೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಗೋವಾದಲ್ಲಿ ನಿನ್ನ ಆರೋಗ್ಯ ಹೇಗಿದೆ? ಟೈಲ್ಸ್ ಕೊಯ್ಯುವ ಧೂಳಿಗೆ ಕೆಮ್ಮು ಹತ್ತಿತ್ತಲ್ಲ, ಕಡಿಮೆಯಾಯಿತೇ? ಅವ್ವ ಚೆನ್ನಾಗಿದ್ದಾಳೆ. ಮನೆಗೆ ಒಂದೇ ಫೋನು, ಅದು ಅವಳ ಸೊಂಟದಲ್ಲಿರುತ್ತದೆ. ಅದಕ್ಕೇ ಈ ಕಾಗದ.

ಅಪ್ಪ ಲಾರಿ ಅಪಘಾತದಲ್ಲಿ ತೀರಿದಾಗ ಬಂದ ಪರಿಹಾರದ ಮೂರು ಲಕ್ಷವನ್ನು ನನ್ನ ಮದುವೆಗೆಂದು ಐದು ವರ್ಷಕ್ಕೆ ಠೇವಣಿ ಇಟ್ಟೆವಲ್ಲ, ಅದರ ಸುದ್ದಿ ಇದು. ಬರೀ ಹೆಂಗಸಿನ ಹೆಸರಲ್ಲಿ ದುಡ್ಡು ಇರಬಾರದು, ಗಂಡಸಿನ ಹೆಸರೂ ಇರಲಿ ಎಂದು ಅವ್ವ ನಿನ್ನನ್ನು ಜಂಟಿ ಖಾತೆದಾರನನ್ನಾಗಿ ಮಾಡಿದಳು. ಇಬ್ಬರಲ್ಲಿ ಒಬ್ಬರ ಸಹಿ ಸಾಕು, ಅವಧಿಗೆ ಮೊದಲೂ ಮುರಿಸಬಹುದು ಎಂಬ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದಳು. ನಾಮಿನಿ ಎಂಬಲ್ಲಿ ನನ್ನ ಹೆಸರು ಹಾಕಿಸಿ, ದುಡ್ಡು ಗುಲ್ನಾಜಳದೇ ಎಂದು ಓಣಿಗೆಲ್ಲ ಹೇಳಿದಳು. ನಾನೂ ನಂಬಿದ್ದೆ. ಕೂಲಿಗೆ ಹೋಗುವ ಅಂಗಡಿಯಲ್ಲಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವಾಗ ಯಾರಾದರೂ ಗದರಿಸಿದರೆ, ನನ್ನ ಹೆಸರಲ್ಲಿ ಮೂರು ಲಕ್ಷ ಇದೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಅವಧಿ ಮುಗಿಯಿತೆಂದು ಅವ್ವ, ನಾನು ಇಬ್ಬರೂ ಬ್ಯಾಂಕಿಗೆ ಹೋದೆವು. ಹತ್ತು ತಿಂಗಳ ಹಿಂದೆಯೇ ನೀನು ಠೇವಣಿ ಮುರಿಸಿದ್ದೀಯೆಂದು ಮ್ಯಾನೇಜರ್ ಮೃತ್ಯುಂಜಯ ಸಾಹೇಬರು ತೋರಿಸಿದರು. ನಾನು ನಾಮಿನಿ ಅಲ್ಲವೇನ್ರಿ ಎಂದು ಕೇಳಿದೆ. “ಖಾತೆದಾರರಿಬ್ರೂ ತೀರಿಕೊಂಡ್ರ ಅಷ್ಟ ನಿನ್ನ ಹೆಸರ ಬರ್ತೈತವಾ” ಅಂದರು. ಅವ್ವ ದಾರಿಯುದ್ದಕ್ಕೂ ನಿನಗೆ ಒಂದು ಮಾತೂ ಬಯ್ಯಲಿಲ್ಲ. ನನಗೆ ಮಾತ್ರ, “ಕೇಳಿದ್ಯಲ್ಲ, ನಾವಿಬ್ರೂ ಸಾಯೂದ ಕಾಯ್ಕೋಂತ ಕುಂದ್ರು” ಅಂದಳು. ದುಡ್ಡು ದುಪ್ಪಟ್ಟು ಮಾಡಿ ಮತ್ತೆ ಇಡಬೇಕೆಂದು ಮೊಬೈಲಿನಲ್ಲಿ ಶೇರು ಆಡಿ ಎಲ್ಲ ಕಳೆದೆಯೆಂದು ಆಮೇಲೆ ನೀನೇ ಫೋನಿನಲ್ಲಿ ಅವ್ವನಿಗೆ ಅಳುತ್ತ ಹೇಳಿದೆಯಂತೆ.

ನನ್ನನ್ನು ಒಪ್ಪಿದ್ದ ಶಿಗ್ಗಾವಿಯ ಹುಡುಗನ ಮನೆಯವರು ದಿನ ಗೊತ್ತು ಮಾಡಲು ಬಂದಾಗ ಅವ್ವ ದುಡ್ಡಿಲ್ಲ ಅನ್ನಲಿಲ್ಲ. ನನಗೆ ಫಿಟ್ಸ್ ಬರುತ್ತದೆಂದು ಸುಳ್ಳು ಹೇಳಿದಳು. ಅವರು ಚಹಾ ಕುಡಿಯದೆ ಎದ್ದುಹೋದರು. ಯಾಕೆ ಹಾಗಂದೆ ಎಂದು ಕೇಳಿದ್ದಕ್ಕೆ, “ಮಗಾ ರೊಕ್ಕ ತಿಂದಾನ ಅಂದ್ರ ನಾಳೆ ಅವಗ ಹೆಣ್ಣ ಯಾರ ಕೊಡ್ತಾರ?” ಅಂದಳು. ಈಗ ಓಣಿಯವರು ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಾರೆ.

ಆಮೇಲೆ ಬಂದ ಸಂಬಂಧ ಹಾನಗಲ್ಲಿನ ದಿಲಾವರ ಸಾಹೇಬರದು. ಅವರಿಗೆ ನಲವತ್ತೆಂಟು ವರ್ಷ, ಹೆಂಡತಿ ತೀರಿದ್ದಾಳೆ. ಅವರು ವರದಕ್ಷಿಣೆ ಏನೂ ಕೇಳಲಿಲ್ಲ. ಅವರ ತಾಯಿ ಮುಮ್ತಾಜಬೇಗಂ ಅವರನ್ನು ಇಬ್ಬರು ಹಿಡಿದು ಕಾರಿನಿಂದ ಇಳಿಸಿದರು. ನನ್ನ ಮುಖ ನೋಡಲಿಲ್ಲ, ರಟ್ಟೆ ಹಿಡಿದು ನೋಡಿ, “ಗಟ್ಟಿ ಅದಾಳ. ನನ್ನ ಎತ್ತಿ ಕುಂದ್ರಸ್ತಾಳ” ಅಂದರು. ಮುಂದಿನ ವಾರ ಶುಕ್ರವಾರ, 21ಕ್ಕೆ, ಅವರೊಡನೆ ನಿಕಾಹ್.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹ್ ನಿನ್ನನ್ನು ಚೆನ್ನಾಗಿಡಲಿ.

ನಿನ್ನ ತಂಗಿ,
ಗುಲ್ನಾಜ

ತಾ.ಕ.: ದುಡ್ಡು ಕೇಳಲು ಬರೆದಿಲ್ಲ ಅಣ್ಣ, ಅದು ಹೋಯಿತು. ಅಪ್ಪ ಇಲ್ಲದ್ದಕ್ಕೆ ನಿನ್ನ ಒಪ್ಪಿಗೆಯಿಲ್ಲದೆ ನಿಕಾಹ್ ಓದುವುದಿಲ್ಲವೆಂದು ಜಮಾತಿನ ಹಿರಿಯರು ಹೇಳಿದ್ದಾರೆ. ನಿನಗೆ ಫೋನ್ ಮಾಡುತ್ತಾರಂತೆ. ಬೇಡ ಅನ್ನು. ಅಷ್ಟು ಸಾಕು, ಕಾರಣ ಹೇಳಬೇಡ.

ಗುರುವಾರ ಬೆಳಿಗ್ಗೆ: ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಹಿರಿಯರು ಈಗಷ್ಟೇ ನಮ್ಮ ಪಡಸಾಲೆಯಲ್ಲಿ ಕುಳಿತು ನಿನಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು, ನಾನು ಒಳಗಿದ್ದೆ. ನೀನು, “ಖರ್ಚಿಲ್ದ ಆಗ್ತೈತಲ್ರಿ, ನಂದೇನ ತಕರಾರಿಲ್ಲ” ಅಂದೆ. ತಂಗಿಯನ್ನು ಕರೆಯಿರಿ ಅನ್ನಲಿಲ್ಲ ನೀನು. ಅವ್ವ ಸಕ್ಕರೆ ಜಾಸ್ತಿ ಹಾಕು ಅಂದಳು. ಏಳು ಜನರಿಗೆ ಚಹಾ ಸೋಸಿ ಕೊಟ್ಟೆ.