ನಾಯಕ ಮುಂಬಾಗಿಲಿನಿಂದಲೇ ಬಂದ

ಬಣ್ಣ ತೊಳೆಯದೆ ಎದ್ದುಹೋದ ನನ್ನ ಅಪ್ಪನಿಗೆ,

ಆಸ್ಪತ್ರೆಯ ಮಂಚದಲ್ಲಿ ನೀನು ಕೊನೆಗೆ ಕೇಳಿದ್ದು ನನ್ನ ಬಗ್ಗೆಯಲ್ಲ, ಮೊಮ್ಮಕ್ಕಳ ಬಗ್ಗೆಯೂ ಅಲ್ಲ. "ಟಿವಿಯವ್ರು ನಮ್ಮ ನಾಯಕಗ ಮುಸುಕು ಹಾಕಿ ಕೋಟಿ ಹಿಂದಿನ ಬಾಗಿಲಿಂದ ಓಡಿಸ್ತಾರಂತ. ಖರೇ ಏನವಾ?" ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮೂಗಿಗೆ ನಳಿಕೆ ಹಾಕಿಸಿಕೊಂಡು ಯಾರಾದರೂ ಗಡಿ ಕಾದ ಪಾಳೆಯಗಾರನ ಮಾನದ ಚಿಂತೆ ಮಾಡುತ್ತಾರೇನು? ಆದರೆ ಸಿರುಗುಪ್ಪದ ಬಯಲಾಟದಲ್ಲಿ ಆಯುಷ್ಯವಿಡೀ ಅವನ ವೇಷ ಕಟ್ಟಿದವನು ನೀನು...

ಆಟ ಮುಗಿಯುವ ಬೆಳಗುಗಳು ನೆನಪಾಗುತ್ತವೆ. ಕೊನೆಯ ಮಂಗಳ ಹಾಡುವವರೆಗೆ ನೀನು ಮುಖದ ಬಣ್ಣ ತೊಳೆಯುತ್ತಿರಲಿಲ್ಲ. ಅವ್ವ ಚಹಾ ಹಿಡಿದು ನಿಂತರೆ, "ತಡಿ, ನಾಯಕ ಇನ್ನೂ ಮನಿ ಮುಟ್ಟಿಲ್ಲ" ಎನ್ನುತ್ತಿದ್ದೆ. ಚಹಾ ಆರಿದರೆ ಬೈಗುಳ ಮಾತ್ರ ನಮಗೆ!

ನೀನು ಹೋದ ಮೇಲೆ ಕುರುಗೋಡಿನ ಗುಡ್ಡದಲ್ಲಿ ಆ ಧಾರಾವಾಹಿಯ ಶೂಟಿಂಗ್ ನಡೆಯಿತು. ನಿನ್ನ ಆಟದಲ್ಲಿ ರಂಗಕ್ಕೆ ಬಂದವರ ಹೆಸರು ಕೇಳುವ ಸಾರಥಿ, ಹುಸೇನಪ್ಪ ಕಾಕಾನನ್ನು ವೈರಿಯ ಸಿಪಾಯಿ ಮಾಡಿದ್ದರು. ಮುಸುಕು ಹೊದ್ದ ನಾಯಕ ಹಿಂಬಾಗಿಲಿನಿಂದ ನುಸುಳಿ ಬರುವಾಗ ಕಾಕಾ ನಿದ್ದೆ ಹೋದಂತೆ ಬಿದ್ದಿರಬೇಕಿತ್ತು. ಹುಟ್ಟುಗುಣ ಸುಟ್ಟರೂ ಹೋದೀತೇ? ನಾಯಕ ಕಂಡದ್ದೇ ತಡ, ಎದ್ದು ಕೈಮುಗಿದು, "ಭಲೇ! ತಾವು ದಾರು ಸ್ವಾಮಿ? ತಮ್ಮ ನಾಮಾಂಕಿತವೇನು?" ಎಂದುಬಿಟ್ಟ. ಎಲ್ಲರೂ ನಕ್ಕರು. ನಿರ್ದೇಶಕ ಮಾತ್ರ ರೇಗಿದ.

"ತಪ್ಪಾತ್ರಿ ಸಾಹೇಬ್ರ. ನಾಯಕ ಬಂದ್ರ ಸಾರಥಿ ಕೇಳಾಕಬೇಕು, ಬಾಯಿ ತಾನ ಆಡಿಬಿಡ್ತು. ಆದ್ರ ಮುಸುಕು ಹಾಕ್ಕೊಂಡಾಂವ ತನ್ನ ಹೆಸರು ಹೆಂಗ ಹೇಳ್ಯಾನ್ರಿ?" ಎಂದ ಕಾಕಾ.

ನಿರ್ದೇಶಕ ಕ್ಯಾಮೆರಾ ನಿಲ್ಲಿಸಿದ. ಆಮೇಲೆ ಬಂಡೆಯ ಮೇಲೆ ಕೂತು ನಿಮ್ಮ ಆಟದ ಕಥೆ ಕೇಳಿದನಂತೆ: ವೈರಿ ಮುತ್ತಿದ ಕೋಟೆಯ ಬಾವಿ ಬತ್ತಿದಾಗ ಜನ ಉಳಿಯಲಿ ಎಂದು ನಾಯಕ ತಾನೇ ಮುಂಬಾಗಿಲು ತೆರೆಸಿ ಹೊರಬಂದದ್ದು. ಹಾಗೇ ಮತ್ತೆ ಚಿತ್ರಿಸಿದರು. ಆದರೂ ನನಗೆ ನಂಬಿಕೆಯಿರಲಿಲ್ಲ. ಟಿವಿಯವರು ಯಾವುದನ್ನು ಕತ್ತರಿಸುತ್ತಾರೋ, ಯಾವುದನ್ನು ಅಂಟಿಸುತ್ತಾರೋ?

ಮೊನ್ನೆ ಭಾನುವಾರ ಕಾಕಾ ಬಳ್ಳಾರಿಯ ನಮ್ಮ ಮನೆಗೇ ಬಂದ. ಇಬ್ಬರೂ ಕೂತು ಧಾರಾವಾಹಿ ನೋಡಿದೆವು. ಮುಂಬಾಗಿಲು ತೆರೆಯಿತು. ಮುದಿ ಸಿಪಾಯಿ, ನಮ್ಮ ಕಾಕಾನೇ, "ತಾವು ದಾರು ಸ್ವಾಮಿ?" ಎಂದ. ನಾಯಕ ತಲೆಯೆತ್ತಿ ಹೆಸರು ಹೇಳಿದ. ಅಬ್ಬಾ ಅಪ್ಪಾ, ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಯಿತು!

ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಕಾಕಾ ಟಿವಿಯ ಮುಂದೆಯೇ ಎದ್ದು ನಿಂತು, ಒಡೆದ ದನಿಯಲ್ಲಿ ಮಂಗಳ ಹಾಡಿದ. ನಾನೂ ದನಿಗೂಡಿಸಿದೆ.

ನಾಯಕ ಮನೆ ಮುಟ್ಟಿದ, ಅಪ್ಪಾ. ಇನ್ನು ಬಣ್ಣ ತೊಳೆದುಕೋ.

ನಿನ್ನ ಮಗಳು