ಹೊಡೆದುಹಾಕಿದ ಸೊನ್ನೆ

ಜನವರಿ ೧೧, ಭಾನುವಾರ

ಮತ್ತೆ ಅದೇ. ಫೂಲ್ ಕಾಳಿನ ಪಲ್ಯ, ಅರ್ಧ ರೊಟ್ಟಿ ಹಾಗೇ ಬಿಟ್ಟು ಶಾಲೆಗೆ ಓಡಿದೆ. ಹದಿನಾಲ್ಕು ವರ್ಷ ಕೆಳಗಿನ ಕ್ಲಾಸಿಗೆ ಬೀಜಗಣಿತ ಹೇಳಿದ ಟೀಚರಮ್ಮ, ಹುಡುಗಿಯರ ಬಾಯಲ್ಲಿ ಅಬ್ಲಾ, ಈ ವರ್ಷ ಕ್ಯಾಲ್ಕುಲಸ್ ಟೀಚರ್ — ಅದನ್ನ ಹೇಳ್ತಿದ್ದ ಹಳೇ ಉಸ್ತಾದರು ಕುವೈತಿಗೆ ಹೋದ್ರಲ್ಲ, ಅದಕ್ಕೆ. ಬೋರ್ಡಿನ ಮುಂದೆ ನಿಲ್ಲೋಕೇ ಭಯ.

ಹುಡುಗಿಯರಿಗೂ ಭಯ. ಎರಡು ವರ್ಷದ ಹಿಂದೆ ನನ್ನ ಹತ್ರಾನೇ ಪಟಪಟ ಉತ್ತರ ಹೇಳ್ತಿದ್ದವರು.

"ಏನಮ್ಮ ಬಸಂತ್, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?" ಅಂದೆ.

"ಅಬ್ಲಾ, ಆಗ ಲೆಕ್ಕ ನೋಡಿದ ತಕ್ಷಣ ಏನು ಮಾಡ್ಬೇಕು ಅಂತ ಗೊತ್ತಾಗ್ತಿತ್ತು. ಈಗ ನಾವು ಲೆಕ್ಕ ನೋಡ್ತೀವಿ, ಲೆಕ್ಕ ನಮ್ಮನ್ನ ನೋಡುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ನಗು ಇರಲಿಲ್ಲ.

ಜನವರಿ ೧೩, ಮಂಗಳವಾರ

ಹೆಡ್‌ಮಿಸ್ ಸುಹೈರ್ ಕರೆಸಿದ್ರು. ಅವರ ಮುಂದೆ ಅರ್ಧವಾರ್ಷಿಕದ ಪೇಪರ್ ರಾಶಿ. ತಿದ್ದಿದ್ದು ಬೇರೆ ಊರಿನವರು.

"ಇಪ್ಪತ್ಮೂರು ಹುಡುಗಿಯರು, ಅಬ್ಲಾ ಇನ್ಶಿರಾಹ್. ಒಂದೇ ತಪ್ಪು, ಒಂದೇ ಸಾಲಲ್ಲಿ. ಗುಂಪು ನಕಲು ಅಂತ ಬರೆದಿದ್ದಾರೆ. ಮುಂದಿನ ಮಂಗಳವಾರ ಸಮಿತಿ ಬರುತ್ತೆ. ಪರೀಕ್ಷೆ ರೂಮು ಕಾದವರು ನೀವು, ವರದಿಗೆ ಸಹಿ ನಿಮ್ಮದೇ ಬೇಕು."

"ಸಹಿ ಹಾಕಿದ್ರೆ?"

"ಈ ವರ್ಷದ ವಾರ್ಷಿಕ ಪರೀಕ್ಷೆಗೆ ಕೂರೋ ಹಾಗಿಲ್ಲ. ಇಪ್ಪತ್ಮೂರೂ ಜನ."

ಪೇಪರ್ ತೆಗೆದು ನೋಡಿದೆ. ವಕ್ರರೇಖೆ ಎಲ್ಲಿ ತಿರುಗುತ್ತೆ ಅಂತ ಪ್ರಶ್ನೆ. ಮೂರು ಎಕ್ಸ್ ವರ್ಗ ಸಮ ಹನ್ನೆರಡು ಎಕ್ಸ್, ಅಲ್ಲೀವರೆಗೂ ಸರಿಯಾಗೇ ಮಾಡಿದ್ದಾರೆ. ಕ್ಯಾಲ್ಕುಲಸ್ ಭಾಗವೆಲ್ಲ ಸರಿ! ಆಮೇಲೆ ಎರಡೂ ಕಡೆಯ ಎಕ್ಸ್ ಹೊಡೆದುಹಾಕಿ, ಉತ್ತರ ನಾಲ್ಕು ಅಂತ ಬರೆದುಬಿಟ್ಟಿದ್ದಾರೆ. ಸೊನ್ನೆಯೂ ಉತ್ತರವೇ. ಎಕ್ಸ್ ಹೊಡೆಯೋದಂದ್ರೆ ಎಕ್ಸಿಂದ ಭಾಗಿಸೋದು; ಎಕ್ಸ್ ಸೊನ್ನೆ ಆಗಿದ್ರೆ ಭಾಗಿಸೋ ಹಾಗಿಲ್ಲ, ಹಾಗೆ ಹೊಡೆದ್ರೆ ಆ ಉತ್ತರವೇ ಕಾಣೆಯಾಗುತ್ತೆ. ರೇಖೆಯ ಶಿಖರ ಇದ್ದಿದ್ದೇ ಅಲ್ಲಿ.

ಇಪ್ಪತ್ಮೂರು ಪೇಪರಲ್ಲೂ ಹೊಡೆದ ಎಕ್ಸ್ ಸುತ್ತ ಪುಟ್ಟ ಸುತ್ತು. ಆ ಸುತ್ತು ನನಗೆ ಗೊತ್ತು… ಅದು ನನ್ನದು.

ಜನವರಿ ೧೪

ಇಲ್ಲಾದ್ರೂ ಬರೀತೀನಿ. ಮನೆಪಾಠದ ನನ್ನ ಕೈಪಿಡಿ, ಪುಟ ಒಂಬತ್ತು. "ಎರಡೂ ಕಡೆ ಎಕ್ಸ್ ಇದ್ರೆ ಸುತ್ತು ಹಾಕು, ಹೊಡಿ, ಮುಂದೆ ಹೋಗು." ಊರೆಲ್ಲ ಅದಕ್ಕೆ ಇನ್ಶಿರಾಹಳ ಕತ್ತರಿ ಅಂತ ಹೆಸರು. ಆಗಿನ ಲೆಕ್ಕವೆಲ್ಲ ಗೋಡೆ ಉದ್ದ, ಗದ್ದೆ ಅಗಲ. ಸೊನ್ನೆ ಮೀಟರ್ ಗೋಡೆ ಯಾರಿಗೆ ಬೇಕು? ಹೊಡಿ ಅಂದೆ. ಯಾವಾಗ ಹೊಡೀಬಾರದು ಅಂತ ಹೇಳಲೇ ಇಲ್ಲ. ಅವರು ಬೇಗ ಬೇಗ ಮಾಡಿದ್ರು, ನನ್ನ ಹೆಸರು ಬೆಳೀತು.

ಕ್ಯಾಲ್ಕುಲಸ್ ಕಷ್ಟ ಅಂತ ಬೈತಾರೆ. ಮಕ್ಕಳು ಎಡವಿದ್ದು ನಾನು ಬಿಟ್ಟ ಗುಂಡೀಲಿ.

ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಇನ್ಯಾರು ಮನೆಪಾಠಕ್ಕೆ ಮಕ್ಕಳನ್ನ ಕಳಿಸ್ತಾರೆ? ಕೈಪಿಡಿಯನ್ನ ಹಾಸಿಗೆ ಅಡಿ ತುರುಕಿದ್ದೀನಿ. ಥೂ, ನನ್ನ ಬಾಳೇ.

ಜನವರಿ ೧೮

ಮೂರು ದಿನ ಪೆನ್ನು ಹಿಡೀಲಿಲ್ಲ. ಹಮ್ದಿಗೆ ಇವತ್ತು ಹೇಳಿದೆ. ದಮಿಯೆತ್ತಾ ಊರಿನ ಬಡಗಿ ನನ್ನ ಗಂಡ, ಉಳಿ ಮಸೀತಾನೇ ಕೇಳಿದ.

"ಮೂರು ಕಾಲಿನ ಕುರ್ಚಿ ಮಾರಿದ್ರೆ ಗಿರಾಕಿ ಯಾರನ್ನ ಬೈತಾನೆ? ಮರಾನಾ?"

"ನಿನಗೇನು, ಸುಲಭವಾಗಿ ಹೇಳ್ತೀಯ!"

"ಸುಲಭ ಅಂದ್ನಾ ನಾನು?"

ಜನವರಿ ೧೯

ಗೇಟಿನ ಹತ್ರ ಬಸಂತ್ ಕಾಯ್ತಿದ್ಲು. ಕಣ್ಣು ಊದಿತ್ತು.

"ಅಬ್ಲಾ, ನೀವೇನೂ ಹೆದರ್ಬೇಡಿ. ಪುಟ ಒಂಬತ್ತು ನಾವೆಲ್ಲ ಹರಿದು ಒಲೆಗೆ ಹಾಕಿದ್ವಿ. ಎಲ್ಲರಿಗೂ ಪೇಪರ್ ತೋರಿಸಿದ್ದು ನಾನೇ, ತಪ್ಪೆಲ್ಲ ನಂದೇ ಅಂತ ಒಪ್ಕೋತೀನಿ. ತಪ್ಪು ಒಬ್ಬಳದೇ ಆದ್ರೆ ಉಳಿದವರನ್ನ ಬಿಡ್ತಾರೇನೋ."

"ಹುಚ್ಚಿ! ಇಂಜಿನಿಯರಿಂಗ್ ಮಾಡ್ಬೇಕು ಅಂತಿದ್ಯಲ್ಲೇ?"

"ನೀವು ಇಲ್ದಿದ್ರೆ ಆ ಆಸೇನೂ ಇರ್ತಿರ್ಲಿಲ್ಲ, ಅಬ್ಲಾ."

ಬೈದು ಕಳಿಸಬೇಕಿತ್ತು. ಒಂದು ಕ್ಷಣ… ಒಂದೇ ಕ್ಷಣ, ಸಮಾಧಾನ ಆಯ್ತು. ಸಾಕ್ಷಿ ಇಲ್ಲ, ಬಚಾವಾದೆ ಅಂತ. ಇದನ್ನ ಬರೆಯೋಕೂ ನಾಚಿಕೆ.

ಜನವರಿ ೨೦, ಮಂಗಳವಾರ, ಹತ್ತೂ ಕಾಲು

ಕಾರಿಡಾರಿನ ಬೆಂಚು. ಬಸಂತ್ ಆ ತುದಿ, ನಾನು ಈ ತುದಿ. ತಲೆ ಎತ್ತಿ ನೋಡ್ತಿಲ್ಲ. ತುಟಿ ಅಲುಗ್ತಿದೆ — ಹೇಳೋ ಸುಳ್ಳನ್ನ ಬಾಯಿಪಾಠ ಮಾಡ್ತಿದ್ದಾಳೆ. ಬಾಯಿಪಾಠ ಮಾಡೋದನ್ನಾದ್ರೂ ಚೆನ್ನಾಗಿ ಕಲಿಸಿದ್ದೀನಿ.

ಕೈಪಿಡಿ ಚೀಲದಲ್ಲಿದೆ. ಪುಟ ಒಂಬತ್ತು ಉಳಿದಿರೋದು ಇದೊಂದರಲ್ಲೇ.

ಒಳಗಿಂದ ಅವಳ ಹೆಸರು ಕರೆದ್ರು. ಎದ್ದಳು. ಕೂತ್ಕೋ ಅಂದೆ. ಮೊದಲು ನಾನು ಹೋಗ್ತೀನಿ. ಹೇಳೋದು ಇಷ್ಟೇ, ಹೌದು, ಇಪ್ಪತ್ಮೂರು ಜನವೂ ನಕಲು ಮಾಡಿದ್ದಾರೆ, ಒಬ್ಬರನ್ನ ನೋಡಿ ಒಬ್ಬರಲ್ಲ, ನನ್ನ ಪುಟ ಒಂಬತ್ತನ್ನ—